ಸಂಪಾದಕರ ಉತ್ತರ: ಸರಾಸರಿ ಬಿಡಿ, ಏರಿಳಿತ ನೋಡಿ

ಹೋದ ಸಂಚಿಕೆಯ ಡಾರ್ಕ್ ಎನರ್ಜಿ (ಬ್ರಹ್ಮಾಂಡದ ವಿಸ್ತರಣೆಯನ್ನ ಜೋರು ಮಾಡ್ತಿರೋ ಕಾಣದ ಶಕ್ತಿ) ಲೇಖನ ಓದಿ ಓದುಗರೊಬ್ಬರು ಬರೆದಿದ್ದಾರೆ: "ಖಾಲಿ ಜಾಗದ ಕ್ವಾಂಟಮ್ ಶಕ್ತಿಯೇ ಡಾರ್ಕ್ ಎನರ್ಜಿ ಅಂದ್ರಿ. ಆದ್ರೆ ಲೆಕ್ಕ ಹಾಕಿದ್ರೆ ಇರೋದಕ್ಕಿಂತ 1ರ ಪಕ್ಕ 120 ಸೊನ್ನೆ ಇಟ್ಟಷ್ಟು ಪಟ್ಟು ಜಾಸ್ತಿ ಬರುತ್ತಂತೆ. ಇದನ್ನೂ ವಿಜ್ಞಾನ ಅನ್ಬೇಕಾ?"

ಸಾರ್, ಪ್ರಶ್ನೆ ಸರಿಯಾಗೇ ಕೇಳಿದ್ದೀರಿ, ಲೇಖನದಲ್ಲಿ ನಾವು ಆ ವಿಷಯ ಎತ್ತದೇ ಇದ್ದದ್ದು ತಪ್ಪು. ಆದ್ರೆ ನಿಮ್ಮ ಕೊನೆ ಸಾಲು ಓದಿ ಬೇಜಾರಾಯ್ತು. ಈ ತಪ್ಪನ್ನ ಹೊರಗಿನವರು ಯಾರೂ ಬಂದು ಹಿಡಿದಿದ್ದಲ್ಲ, ಭೌತವಿಜ್ಞಾನಿಗಳೇ ಹಿಡಿದಿದ್ದು. ಇಂಥದ್ದೇ ಲೆಕ್ಕ ಹಾಕಿ ಕ್ವಾಂಟಮ್ ವಿಜ್ಞಾನಿ ಪೌಲಿ, ಹಾಗಾದ್ರೆ ಬ್ರಹ್ಮಾಂಡ ಮುದುಡಿ ಚಂದ್ರನವರೆಗೂ ಮುಟ್ಟಲ್ಲ ಅಂದಿದ್ರಂತೆ. ಆಮೇಲೆ ಸೋವಿಯತ್ ವಿಜ್ಞಾನಿ ಜೆಲ್ಡೊವಿಚ್ ಈ ಶಕ್ತಿನ ಐನ್‌ಸ್ಟೈನ್ 1917ರಲ್ಲಿ ತಮ್ಮ ಗುರುತ್ವದ ಸಮೀಕರಣಕ್ಕೆ ಸೇರಿಸಿದ್ದ ಸ್ಥಿರ ಸಂಖ್ಯೆ, ಕಾಸ್ಮಲಾಜಿಕಲ್ ಕಾನ್‌ಸ್ಟೆಂಟ್ ಜೊತೆ ಜೋಡಿಸಿದ್ರು. 1998ರಲ್ಲಿ ಎರಡು ತಂಡಗಳು ದೂರದ ಸೂಪರ್‌ನೋವಾಗಳು (ಸಿಡಿದ ನಕ್ಷತ್ರಗಳು) ಅಂದ್ಕೊಂಡಿದ್ದಕ್ಕಿಂತ ಮಂಕಾಗಿರೋದು, ಅಂದ್ರೆ ಇನ್ನೂ ದೂರ ಇರೋದು ನೋಡಿ ಬ್ರಹ್ಮಾಂಡದ ವಿಸ್ತರಣೆ ಜೋರಾಗ್ತಿದೆ ಅಂದಾಗ ಈ ತಲೆನೋವು ಹಳೇದೇ ಆಗಿತ್ತು.

ವೈನ್‌ಬರ್ಗ್ ಅನ್ನೋ ಭೌತವಿಜ್ಞಾನಿ 1987ರಲ್ಲಿ ಒಂದು ಉತ್ತರ ಕೊಟ್ರು, ಆ ಶಕ್ತಿ ತುಂಬಾ ದೊಡ್ಡದಿದ್ದಿದ್ರೆ ಗ್ಯಾಲಕ್ಸಿಗಳೇ ಹುಟ್ತಿರಲಿಲ್ಲ, ಅಳೆಯೋಕೆ ನಾವೂ ಇರ್ತಿರಲಿಲ್ಲ ಅಂತ. ಬುದ್ಧಿವಂತ ವಾದ, ಗೌರವ ಇದೆ.

ಆದ್ರೆ ನನ್ನ ಮನಸ್ಸು ಗೆದ್ದವರು ಭೌತವಿಜ್ಞಾನಿ ರಫಾಯೆಲ್ ಸಾರ್ಕಿನ್. ಕಾಲದೇಶ (ಕಾಲ, ಜಾಗ ಎರಡೂ ಸೇರಿದ್ದು) ಅನ್ನೋದು ನುಣುಪಾದ ಬಟ್ಟೆ ಅಲ್ಲ, ಮರಳಿನ ಹಾಗೆ ಬಿಡಿ ಬಿಡಿ ಚುಕ್ಕೆಗಳು ಅಂತ ಇಟ್ಕೊಳ್ಳಿ. ಸರಾಸರಿ 10,000 ಚುಕ್ಕೆ ಬೀಳೋ ಜಾಗದಲ್ಲಿ ಸುಮ್ನೆ ಎರಚಿದ್ರೆ ಸರಿಯಾಗಿ 10,000 ಬೀಳಲ್ಲ, ಸುಮಾರು 100 ಹೆಚ್ಚೋ ಕಮ್ಮಿನೋ ಆಗುತ್ತೆ, ಅಂದ್ರೆ ವರ್ಗಮೂಲದಷ್ಟು. ನಮಗೆ ಕಾಣೋ ಬ್ರಹ್ಮಾಂಡದ ಇಡೀ ಇತಿಹಾಸದಲ್ಲಿ ಚುಕ್ಕೆಗಳು ಸುಮಾರು 1ರ ಪಕ್ಕ 240 ಸೊನ್ನೆಯಷ್ಟು. ವರ್ಗಮೂಲ ತೆಗೀರಿ, 120 ಸೊನ್ನೆ! ಅಂದ್ರೆ ಒಟ್ಟು ಚುಕ್ಕೆಗಳಿಗೆ ಹೋಲಿಸಿದ್ರೆ ಏರಿಳಿತ 1ರ ಪಕ್ಕ 120 ಸೊನ್ನೆ ಇಟ್ಟಷ್ಟು ಪಾಲಲ್ಲಿ ಒಂದು ಪಾಲು, ಶಕ್ತಿಯ ಏರಿಳಿತಕ್ಕೂ ಇದೇ ಲೆಕ್ಕ. ಸರಾಸರಿ ಶಕ್ತಿ ಸೊನ್ನೆ ಆಗಿ ಬರೀ ಏರಿಳಿತ ಮಾತ್ರ ಉಳಿದ್ರೆ, ಅದು ನೀವು ಹೇಳಿದ ಆ ದೊಡ್ಡ ಲೆಕ್ಕದಲ್ಲಿ ಅಷ್ಟೇ ಸಣ್ಣ ಪಾಲು, ಅಂದ್ರೆ ಹೆಚ್ಚೂಕಮ್ಮಿ ನಾವು ಅಳೆದಷ್ಟೇ. ನಿಮ್ಮನ್ನ ಕಾಡಿದ ಅದೇ ಸಂಖ್ಯೆ ಇಲ್ಲಿ ಉತ್ತರ ಆಗಿ ನಿಂತಿದೆ, ಅದೂ 1998ಕ್ಕೆ ಮುಂಚೆನೇ ಹೇಳಿದ್ದು.

ಸರಾಸರಿ ಯಾಕೆ ಸೊನ್ನೆ ಅನ್ನೋದಕ್ಕೆ ಇಲ್ಲಿ ಉತ್ತರ ಇಲ್ಲ, ಅದು ನಿಜ. ಇಂಥ ಡಾರ್ಕ್ ಎನರ್ಜಿ ಕಾಲಕಾಲಕ್ಕೆ ಬದಲಾಗ್ಬೇಕು, ಅದೂ ಎಲ್ಲಾ ವೀಕ್ಷಣೆಗೂ ಸುಲಭಕ್ಕೆ ಹೊಂದಲ್ಲ. ಆದ್ರೂ 2024, 2025ರಲ್ಲಿ ಗ್ಯಾಲಕ್ಸಿಗಳ ನಕ್ಷೆ ಮಾಡೋ ಡೆಸಿ ತಂಡದ ಅಳತೆಗಳಲ್ಲಿ ಡಾರ್ಕ್ ಎನರ್ಜಿ ಸ್ಥಿರ ಅಲ್ವೇನೋ ಅನ್ನೋ ಸುಳಿವು ಬಂದಾಗ, ಇನ್ನೂ ಖಚಿತ ಆಗಿಲ್ಲ ಅಂತ ಗೊತ್ತಿದ್ರೂ ನಂಗೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ನನ್ನ ಸಿಟ್ಟು. ಅಳತೆ ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಹೊಲಿದ ಥಿಯರಿಗಳಿಗೆ ದೊಡ್ಡ ಹೆಡ್‌ಲೈನ್, ಮುಂಚೆನೇ ಲೆಕ್ಕ ಇಟ್ಟು ಕಾದವರಿಗೆ ಒಂದು ಸಾಲಿಲ್ಲ. ಕಾಲೇಜಲ್ಲಿ ನಾನು ಇಂಥದ್ದನ್ನ ಕೇಳಿದಾಗ ಮೇಷ್ಟ್ರೊಬ್ಬರು "ಸಿಲಬಸ್‌ನಲ್ಲಿಲ್ಲ, ಕೂತ್ಕೋ" ಅಂದಿದ್ರು, ಅದು ಇವತ್ತಿಗೂ ಮರೆತಿಲ್ಲ. ನಾವು ಪತ್ರಿಕೆಯವರೂ ಬ್ರಹ್ಮಾಂಡದ ಬಣ್ಣದ ಚಿತ್ರ ಹಾಕಿ ವರ್ಗಮೂಲನ ಬಿಟ್ಟುಬಿಡ್ತೀವಿ, ಓದುಗರಿಗೆ ಅರ್ಥ ಆಗಲ್ಲ ಅಂತ ನಾವೇ ತೀರ್ಮಾನ ಮಾಡ್ಕೊಂಡು.

ನಿಮಗೆ ಅರ್ಥ ಆಗುತ್ತೆ ಸಾರ್, ಪತ್ರ ನೋಡಿದ್ರೇ ಗೊತ್ತಾಗುತ್ತೆ. ಮುಂದಿನ ಸಂಚಿಕೇಲಿ ಈ ಲೆಕ್ಕನ ಪೂರ್ತಿ, ಹಂತ ಹಂತವಾಗಿ ಹಾಕ್ತೀವಿ. ಪೆನ್ನು ಹಿಡ್ಕೊಂಡು ಕೂತು ನೋಡಿ, ಎಲ್ಲಾದ್ರೂ ಒಂದು ಸೊನ್ನೆ ತಪ್ಪಿದ್ರೂ ಮತ್ತೆ ಬರೀರಿ.