ಸ್ವಂತ ಅಣ್ಣನ ರಕ್ತಕ್ಕೂ ಪರೀಕ್ಷೆ ಏಕೆ?

ನಮಸ್ಕಾರ. ಸಿಂಧನೂರಿನಲ್ಲಿ ತಂಗಿಯ ಹೆರಿಗೆಗೆಂದು ನೀವೇ ರಕ್ತ ಕೊಟ್ಟರೂ ಪರೀಕ್ಷೆಗೆಂದು ನಾಲ್ಕು ಗಂಟೆ ಕಾಯಿಸಿದರು, ಸ್ವಂತ ಅಣ್ಣನ ರಕ್ತಕ್ಕೂ ಅದು ಬೇಕೇ ಎಂದು ಕೇಳಿದ್ದೀರಿ. ಬೇಕೇ ಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ, ಈ 5 ಸೋಂಕುಗಳ ತಪಾಸಣೆ ನಮ್ಮ ದೇಶದಲ್ಲಿ ಪ್ರತಿ ಚೀಲಕ್ಕೂ ಕಡ್ಡಾಯ. ಹೆಪಟೈಟಿಸ್ ಬಿ ಇರುವ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣುವುದಿಲ್ಲ. ಹೊಲದಲ್ಲಿ ಗಟ್ಟಿಮುಟ್ಟಾಗಿ ದುಡಿಯುವವರಲ್ಲೇ ಅದು ಪತ್ತೆಯಾಗುವುದನ್ನು ಬಳ್ಳಾರಿಯ ರಕ್ತನಿಧಿಯೊಂದರಲ್ಲಿ ಕೆಲಸ ಮಾಡುವ ನಾನು ಕಂಡಿದ್ದೇನೆ.

ಚೀಲದ ಜೊತೆಗೆ ಸಣ್ಣ ಕೊಳವೆಗಳಿಗೂ ನಿಮ್ಮ ರಕ್ತ ಹಿಡಿದದ್ದನ್ನು ನೋಡಿರಬಹುದು. ಪರೀಕ್ಷೆ ನಡೆಯುವುದು ಅದರ ಮೇಲೆಯೇ. ರಕ್ತದಲ್ಲಿ ಸೋಂಕಿನ ಗುರುತು ಹುಡುಕುವ ಎಲೈಸಾ ವಿಧಾನದಲ್ಲಿ ಸೀರಂ, ಅಂದರೆ ರಕ್ತದ ತಿಳಿ ದ್ರವವನ್ನು ಬೇರ್ಪಡಿಸಿ, ತಟ್ಟೆಯ ಪುಟ್ಟ ಗುಳಿಗಳಿಗೆ ಹಾಕಿ, ನಿಗದಿತ ಹೊತ್ತು ಕಾವಿನಲ್ಲಿಟ್ಟು, ತೊಳೆದು, ಕೊನೆಗೆ ಮೂಡುವ ಬಣ್ಣವನ್ನು ಯಂತ್ರದಲ್ಲಿ ಅಳೆಯಬೇಕಾದುದರಿಂದ ಗಂಟೆಗಳೇ ಹಿಡಿಯುತ್ತವೆ.

ಸೋಂಕು ತಗುಲಿದ ಆರಂಭದ ದಿನಗಳಲ್ಲಿ ಈ ಪರೀಕ್ಷೆಗೂ ಅದು ಸಿಗದೆ ಹೋಗಬಹುದು. ವೈರಾಣುವಿನ ಆನುವಂಶಿಕ ಅಂಶವನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅವಧಿಯನ್ನು ಕುಗ್ಗಿಸುತ್ತದೆಯೇ ಹೊರತು ಪೂರ್ತಿ ಇಲ್ಲವಾಗಿಸುವುದಿಲ್ಲ. ಆದ್ದರಿಂದ ದಾನಕ್ಕೆ ಮೊದಲು ಕೇಳುವ ಪ್ರಶ್ನೆಗಳಿಗೆ, ಮನೆಯವರ ಎದುರು ಸಂಕೋಚವಾದರೆ ಒಬ್ಬರೇ ಮಾತನಾಡಬೇಕೆಂದು ಕೇಳಿಯಾದರೂ, ದಯವಿಟ್ಟು ನಿಜವನ್ನೇ ಹೇಳಿ. ತುರ್ತಿದ್ದಾಗ ನಿಮ್ಮ ಚೀಲಕ್ಕೆ ಕಾಯದೆ, ಈಗಾಗಲೇ ಪರೀಕ್ಷಿಸಿಟ್ಟ ಹೊಂದುವ ರಕ್ತ ಇದೆಯೇ ಎಂದು ಮೊದಲು ವಿಚಾರಿಸಿ.