ಜನ ಬಂದ ಮೇಲೆ ಕಟ್ಟಿದರೆ ಆಗದೇ?

ಓದುಗರ ಪತ್ರ: "ವಿಮಾನ ನಿಲ್ದಾಣಕ್ಕೆ ಮೂವತ್ತು ವರ್ಷ ಮುಂದಿನ ಯೋಜನೆ ಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಐದು ವರ್ಷದ ಅಂದಾಜೇ ಸುಳ್ಳಾಗುವಾಗ ಮೂವತ್ತು ವರ್ಷದ ಲೆಕ್ಕ ನಂಬಿ ಸಾವಿರಾರು ಎಕರೆ ಹಿಡಿದಿಟ್ಟುಕೊಳ್ಳುವುದು ಯಾವ ನ್ಯಾಯ? ಮಾಂಟ್ರಿಯಲ್‌ನ ಮಿರಾಬೆಲ್ ಕಥೆ ಏನಾಯಿತು? ಜನ ಬರಲಿ, ಟರ್ಮಿನಲ್ ದೊಡ್ಡದು ಮಾಡಿದರಾಯಿತು. ಇನ್ನೊಂದು ಮಾತು: ಇಂಥ ಮಾಸ್ಟರ್ ಪ್ಲಾನ್ ಸಾರ್ವಜನಿಕರ ಮುಂದೆ ಬಂದಾಗ ತಾಂತ್ರಿಕ ಜ್ಞಾನ ಇಲ್ಲದವರು ಅದರಲ್ಲಿ ಏನು ನೋಡಬೇಕು?"

ಸಂಪಾದಕರ ಉತ್ತರ:

ಮಾನ್ಯರೇ,

ಮಿರಾಬೆಲ್ ಹೆಸರು ನೀವೇ ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. 1975ರಲ್ಲಿ ತೆರೆದ ಆ ನಿಲ್ದಾಣಕ್ಕಾಗಿ ಕೆನಡಾ ಸರ್ಕಾರ ಸುಮಾರು 97,000 ಎಕರೆ ವಶಪಡಿಸಿಕೊಂಡಿತ್ತು. ವರ್ಷಕ್ಕೆ ಕೋಟಿಗಟ್ಟಲೆ ಪ್ರಯಾಣಿಕರು ಬರುತ್ತಾರೆಂಬ ನಿರೀಕ್ಷೆಯಿತ್ತು. ಸಂಖ್ಯೆ ಎಂದೂ 30 ಲಕ್ಷ ದಾಟಲಿಲ್ಲ. 2004ರಲ್ಲಿ ಪ್ರಯಾಣಿಕರ ವಿಮಾನಗಳು ನಿಂತವು, 2014ರಲ್ಲಿ ಟರ್ಮಿನಲ್ ಕೆಡವಲು ಶುರು ಮಾಡಿದರು. ಆದರೆ ಇದಕ್ಕೆ ಅಂದಾಜಿನ ತಪ್ಪೊಂದೇ ಕಾರಣವಲ್ಲ. ಅಂತರರಾಷ್ಟ್ರೀಯ ವಿಮಾನಗಳನ್ನು ಮಿರಾಬೆಲ್‌ಗೆ ಕಳಿಸಿ, ದೇಶೀಯ ವಿಮಾನಗಳನ್ನು ಹಳೆಯ ಡಾರ್ವಾಲ್‌ನಲ್ಲೇ ಉಳಿಸಿಕೊಂಡರು. ಒಂದರಲ್ಲಿ ಇಳಿದವನು ಇನ್ನೊಂದರಲ್ಲಿ ಹತ್ತಬೇಕಾದರೆ ರಸ್ತೆಯಲ್ಲಿ ಹೋಗಬೇಕಿತ್ತು. ಬರಬೇಕಿದ್ದ ರೈಲು ಬರಲೇ ಇಲ್ಲ. ಅಟ್ಲಾಂಟಿಕ್ ದಾಟುವ ಮುನ್ನ ಅಲ್ಲಿ ಇಳಿದು ಇಂಧನ ತುಂಬಿಕೊಳ್ಳುವ ಅಗತ್ಯವೂ ಹೊಸ ವಿಮಾನಗಳಿಗೆ ಇರಲಿಲ್ಲ. ಈ ಕೊನೆಯದನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಮೊದಲಿನವು ಆಡಳಿತದ ತೀರ್ಮಾನಗಳು.

ಮಿರಾಬೆಲ್ ಪಕ್ಕದಲ್ಲಿ ಅಮೆರಿಕದ ಡೆನ್ವರ್ ನಿಲ್ದಾಣವನ್ನು ಇಟ್ಟು ನೋಡಿ. 1995ರಲ್ಲಿ ತೆರೆದಾಗ ಅದಕ್ಕೂ "ಇಷ್ಟು ಜಾಗ ಯಾಕೆ" ಎಂಬ ಟೀಕೆ ತಪ್ಪಿರಲಿಲ್ಲ: ಸುಮಾರು 137 ಚದರ ಕಿಲೋಮೀಟರ್, ನಕ್ಷೆಯಲ್ಲಿ ಹನ್ನೆರಡು ರನ್‌ವೇಗೆ ಸ್ಥಳ, ಕಟ್ಟಿದ್ದು ಮಾತ್ರ ಐದು. 2003ರಲ್ಲಿ 4,877 ಮೀಟರ್ ಉದ್ದದ ಆರನೆಯ ರನ್‌ವೇ ಬಂತು; ಅದಕ್ಕೆ ಹೊಸದಾಗಿ ಜಮೀನು ಹುಡುಕಬೇಕಾಗಲಿಲ್ಲ. ವರ್ಷಕ್ಕೆ 5 ಕೋಟಿ ಜನಕ್ಕೆಂದು ಯೋಜಿಸಿದ ನಿಲ್ದಾಣ 2019ರಲ್ಲಿ 6.9 ಕೋಟಿ ಜನರನ್ನು ಸಾಗಿಸಿತು. ಹಾಗೆಂದು ಅಲ್ಲಿ ಎಲ್ಲವೂ ಸರಿ ಇತ್ತೆಂದಲ್ಲ. ಸ್ವಯಂಚಾಲಿತ ಬ್ಯಾಗೇಜ್ ವ್ಯವಸ್ಥೆ ಕೈಕೊಟ್ಟು ಉದ್ಘಾಟನೆಯೇ 16 ತಿಂಗಳು ಮುಂದೆ ಹೋಯಿತು, 2005ರಲ್ಲಿ ಆ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟರು. ಯಂತ್ರದಲ್ಲಿ ಎಡವಿದ್ದನ್ನು ಕಿತ್ತು ಸರಿಪಡಿಸಿಕೊಂಡರು. ಜಾಗದಲ್ಲಿ ಎಡವಿದ್ದರೆ ಸರಿಪಡಿಸಲು ದಾರಿಯೇ ಇರುತ್ತಿರಲಿಲ್ಲ. ನಮ್ಮ ವಾದ ಇಷ್ಟೇ: ಜಾಗವನ್ನು ಬೇಗ ಕಾಯ್ದಿರಿಸಬೇಕು, ಕಟ್ಟಡವನ್ನು ಸಾಧ್ಯವಾದಷ್ಟು ತಡವಾಗಿ ಕಟ್ಟಬೇಕು.

ಅಂದಾಜು ಸುಳ್ಳಾಗುತ್ತದೆ ಎಂಬ ನಿಮ್ಮ ಮಾತು ಖಂಡಿತ ನಿಜ. 2019ರಲ್ಲಿ ಪ್ರಪಂಚದಾದ್ಯಂತ ವಿಮಾನ ಹತ್ತಿದವರು ಸುಮಾರು 450 ಕೋಟಿ. ಮರುವರ್ಷ 180 ಕೋಟಿ. ಯಾವ ಲೆಕ್ಕವೂ ಅದನ್ನು ಹೇಳಿರಲಿಲ್ಲ. ಆದ್ದರಿಂದಲೇ ಬಲ್ಲವರು ಯೋಜನೆಯನ್ನು ಇಸವಿಗೆ ಕಟ್ಟಿಹಾಕುವುದಿಲ್ಲ, ಪ್ರಯಾಣಿಕರ ಸಂಖ್ಯೆಗೆ ಕಟ್ಟುತ್ತಾರೆ. "2035ಕ್ಕೆ ಎರಡನೆಯ ಟರ್ಮಿನಲ್" ಎಂದು ಬರೆದಿದ್ದರೆ ಕೋವಿಡ್ ಬಂದ ದಿನವೇ ಆ ಯೋಜನೆ ರದ್ದಿ. "ವರ್ಷಕ್ಕೆ 1.5 ಕೋಟಿ ಮುಟ್ಟಿದಾಗ ವಿನ್ಯಾಸ, 1.8 ಕೋಟಿಗೆ ಕಾಮಗಾರಿ, 2.2 ಕೋಟಿಗೆ ಬಾಗಿಲು ತೆರೆಯುವುದು" ಎಂದು ಬರೆದಿದ್ದರೆ ಅದು ನಾಲ್ಕು ವರ್ಷ ಮುಂದೆ ಸರಿಯಿತು, ಅಷ್ಟೆ.

ಆದರೆ "ಜನ ಬಂದ ಮೇಲೆ" ಎಂದರೆ ಯಾವಾಗ? ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನ ಮಾರ್ಗಸೂಚಿಯಂತೆ, ವಾರ್ಷಿಕ ಸಾಮರ್ಥ್ಯದ ಶೇ 60ರಿಂದ 75ರಷ್ಟು ಬಳಕೆಯಾಗುವ ಹೊತ್ತಿಗೇ ಹೊಸ ಸಾಮರ್ಥ್ಯದ ಯೋಜನೆ ಶುರುವಾಗಬೇಕು. ವರ್ಷಕ್ಕೆ ಶೇ 7ರ ಬೆಳವಣಿಗೆ ಹಿಡಿದು ಲೆಕ್ಕ ಹಾಕಿ ನೋಡಿ. ಶೇ 60ರಲ್ಲಿ ಎದ್ದು ಕೂತರೆ ತುಂಬಿ ತುಳುಕುವುದಕ್ಕೆ ಏಳೂವರೆ ವರ್ಷ ಇರುತ್ತದೆ. ಶೇ 75ರಲ್ಲಿ ಎದ್ದರೆ ನಾಲ್ಕು ವರ್ಷ ಚಿಲ್ಲರೆ. ಶೇ 90ರ ತನಕ ಕಾದರೆ ಕೈಯಲ್ಲಿ ಉಳಿಯುವುದು ಒಂದೂವರೆ ವರ್ಷ. ವಿನ್ಯಾಸ, ಅನುಮತಿ, ಟೆಂಡರ್, ಕಾಮಗಾರಿ, ಕೊನೆಗೆ ಸಿಬ್ಬಂದಿಯ ತರಬೇತಿ ಮತ್ತು ಪ್ರಯೋಗ ಎಲ್ಲ ಸೇರಿ ಟರ್ಮಿನಲ್ ಒಂದಕ್ಕೇ ನಾಲ್ಕೈದು ವರ್ಷ ಬೇಕು. ಜಮೀನು, ಪರಿಸರ ಅನುಮತಿ, ವ್ಯಾಜ್ಯ ಸೇರಿದರೆ ರನ್‌ವೇಗೆ ಹತ್ತು ವರ್ಷ ಹಿಡಿಯುವುದು ಅಪರೂಪವೇನಲ್ಲ. ಕೊನೆಯ ಪ್ರಯೋಗವನ್ನು ಹಗುರವಾಗಿ ಎಣಿಸುವಂತಿಲ್ಲ. ಜರ್ಮನಿಯ ಬರ್ಲಿನ್ ಬ್ರಾಂಡೆನ್‌ಬರ್ಗ್ ನಿಲ್ದಾಣ 2012ರ ಜೂನ್‌ನಲ್ಲಿ ತೆರೆಯಬೇಕಿತ್ತು. ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆ ಪರೀಕ್ಷೆಯಲ್ಲಿ ಪಾಸಾಗದೆ 2020ರ ಅಕ್ಟೋಬರ್ ತನಕ ಕಾಯಿತು.

ಸಾಮರ್ಥ್ಯ ಅಂಚಿಗೆ ಬಂದಾಗ ವಿಳಂಬ ಒಂದೇ ಸಮನೆ ಏರುವುದಿಲ್ಲ ಎಂಬುದೂ ನೆನಪಿರಲಿ. ಶೇ 70ರಲ್ಲಿ ಒಂದು ವಿಮಾನ ತಡವಾದರೆ ಮುಂದಿನ ಅರ್ಧ ಗಂಟೆಯಲ್ಲಿ ಅದು ಕರಗಿಹೋಗುತ್ತದೆ. ಶೇ 95ರಲ್ಲಿ ಅದೇ ವಿಳಂಬ ರಾತ್ರಿಯವರೆಗೆ ಸಾಲಾಗಿ ಸಾಗುತ್ತದೆ, ಯಾಕೆಂದರೆ ನಡುವೆ ಖಾಲಿ ಗಳಿಗೆಯೇ ಇಲ್ಲ.

ಇನ್ನು ಟರ್ಮಿನಲ್ ದೊಡ್ಡದು ಮಾಡಿದರಾಯಿತು ಎಂಬ ಮಾತು. ಟರ್ಮಿನಲ್ ಒಂದು ಕೊಂಡಿ ಮಾತ್ರ. ರನ್‌ವೇ, ಅಲ್ಲಿಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇ, ವಿಮಾನ ನಿಲ್ಲುವ ಸ್ಟ್ಯಾಂಡ್, ಟರ್ಮಿನಲ್, ಬ್ಯಾಗೇಜ್, ಹೊರಗಿನ ರಸ್ತೆ ಇವುಗಳಲ್ಲಿ ಯಾವುದು ಇಕ್ಕಟ್ಟೋ ಇಡೀ ನಿಲ್ದಾಣದ ಸಾಮರ್ಥ್ಯ ಅಷ್ಟೇ. ಲಂಡನ್ನಿನ ಗ್ಯಾಟ್ವಿಕ್ ಒಂದೇ ರನ್‌ವೇಯಿಂದ ಪೀಕ್ ಅವರ್‌ನಲ್ಲಿ ಇಳಿಯುವುದು, ಏರುವುದು ಸೇರಿ 55 ಹಾರಾಟ ತೆಗೆಯುತ್ತದೆ. 2019ರಲ್ಲಿ ಅಲ್ಲಿ 4.66 ಕೋಟಿ ಪ್ರಯಾಣಿಕರು. ಹಿಂಡಿ ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಎರಡನೆಯ ರನ್‌ವೇ 40 ವರ್ಷ ಕಟ್ಟುವುದಿಲ್ಲವೆಂದು 1979ರಲ್ಲಿ ಸ್ಥಳೀಯ ಕೌಂಟಿ (ಜಿಲ್ಲಾ) ಆಡಳಿತದೊಂದಿಗೆ ಒಪ್ಪಂದವಾಗಿತ್ತು. ಪಕ್ಕದಲ್ಲೇ ತುರ್ತು ಬಳಕೆಯ ರನ್‌ವೇ ಇದೆ, ಆದರೆ ಮುಖ್ಯ ರನ್‌ವೇಗೆ ತೀರಾ ಹತ್ತಿರ. ಎರಡನ್ನೂ ಒಟ್ಟಿಗೆ ಬಳಸಬೇಕಾದರೆ ಅದರ ಮಧ್ಯರೇಖೆಯನ್ನು 12 ಮೀಟರ್ ಆಚೆ ಸರಿಸಬೇಕು. ಅದಕ್ಕೆ 2023ರಲ್ಲಿ ಅರ್ಜಿ ಹಾಕಿದರು, ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ. ಹನ್ನೆರಡೇ ಮೀಟರ್!

ಹಾಗಾಗಿ ಮಾಸ್ಟರ್ ಪ್ಲಾನ್‌ನಲ್ಲಿ ಮೊದಲು ನಿರ್ಧಾರವಾಗಬೇಕಾದದ್ದು ರನ್‌ವೇಗಳ ನಡುವಿನ ಅಂತರ. ಎರಡು ಸಮಾನಾಂತರ ರನ್‌ವೇಗಳ ಮೇಲೆ ಒಂದರ ಹಂಗಿಲ್ಲದೆ ಇನ್ನೊಂದರಲ್ಲಿ ವಿಮಾನ ಇಳಿಸಬೇಕಾದರೆ ಮಧ್ಯರೇಖೆಗಳ ನಡುವೆ ಕನಿಷ್ಠ 1,035 ಮೀಟರ್ ಇರಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ. 915 ಮೀಟರ್ ಇದ್ದರೂ ಇಳಿಸಬಹುದು, ಆದರೆ ಎರಡು ಸಾಲಿನ ವಿಮಾನಗಳು ಒಂದಕ್ಕೊಂದು ಅಂತರ ಕಾಯ್ದುಕೊಳ್ಳಬೇಕು. ಒಂದರಲ್ಲಿ ಇಳಿಸಿ ಇನ್ನೊಂದರಲ್ಲಿ ಹಾರಿಸುವುದಾದರೆ 760 ಸಾಕು. ಇವು ಕನಿಷ್ಠದ ಅಂಕಿಗಳು. ನಡುವೆ ಟರ್ಮಿನಲ್, ಎರಡೂ ಕಡೆ ಸ್ಟ್ಯಾಂಡ್, ಜೋಡಿ ಟ್ಯಾಕ್ಸಿವೇ ಕೂರಿಸಬೇಕಾದರೆ 1,035 ಸಾಲದು. ಲಂಡನ್ನಿನದೇ ಹೀಥ್ರೂನಲ್ಲಿ ಸುಮಾರು 1,400 ಮೀಟರ್ ಇದೆ, ನಡುವಿನ ಕಟ್ಟಡಗಳು ದಶಕಗಳಿಂದ ಇಕ್ಕಟ್ಟಿನಲ್ಲಿವೆ. 1992ರಲ್ಲಿ ಹೊಸ ಜಾಗಕ್ಕೆ ಹೋದ ಜರ್ಮನಿಯ ಮ್ಯೂನಿಕ್ ನಿಲ್ದಾಣ 2,300 ಮೀಟರ್ ಬಿಟ್ಟಿತು. ಎರಡನೆಯ ಟರ್ಮಿನಲ್ಲೂ ನಡುವೆಯೇ ಹಿಡಿಸಿತು.

ನೆಲ ಕಾಯ್ದಿರಿಸಿದರೆ ಮುಗಿಯಲಿಲ್ಲ, ಅದರ ಮೇಲಿನ ಆಕಾಶವನ್ನೂ ಕಾಯಬೇಕು. ಹೆಚ್ಚಿನ ಯೋಜನೆಗಳು ಮುಗ್ಗರಿಸುವುದು ಇಲ್ಲೇ. ಇದುವರೆಗೆ ಬಳಕೆಯಲ್ಲಿರುವ ನಿಯಮದಂತೆ, ದೊಡ್ಡ ವಿಮಾನಗಳು ಉಪಕರಣದ ನೆರವಿನಿಂದ ಇಳಿಯುವ ರನ್‌ವೇಯ ತುದಿಯಿಂದ 60 ಮೀಟರ್ ಆಚೆ ಒಂದು ಕಾಲ್ಪನಿಕ ಇಳಿಜಾರು ಶುರುವಾಗುತ್ತದೆ. ಮೊದಲ 3 ಕಿ.ಮೀ. ಅದರ ಏರು ಶೇ 2. ಅಂದರೆ ತುದಿಯಿಂದ 1 ಕಿ.ಮೀ. ದೂರದಲ್ಲಿ ಯಾವುದೂ 18.8 ಮೀಟರ್ ಮೀರಬಾರದು. ಆರು ಮಹಡಿ ಹೇಗೋ ಹಿಡಿಯುತ್ತದೆ, ಮೇಲೆ ನೀರಿನ ಟ್ಯಾಂಕ್, ಲಿಫ್ಟ್ ಕೋಣೆ ಕೂರಿಸಿದರೆ ಮಿತಿ ದಾಟಿತು. ಹೀಗೆ 6 ಮೀಟರ್ ಮೀರಿದ ಒಂದೇ ಕಟ್ಟಡ ಉಳಿದುಕೊಂಡರೆ ಇಳಿಯುವ ಗುರುತನ್ನು 300 ಮೀಟರ್ ಒಳಕ್ಕೆ ಸರಿಸಬೇಕಾಗುತ್ತದೆ. 3,000 ಮೀಟರ್ ರನ್‌ವೇ ಇಳಿಯುವವರ ಪಾಲಿಗೆ 2,700 ಆಗುತ್ತದೆ. ಇಳಿಯುವ ದಾರಿ ತೋರಿಸುವ ದೀಪಗಳ ಸಾಲು ತುದಿಯಿಂದ 900 ಮೀಟರ್ ಆಚೆ ಚಾಚುತ್ತದೆ, ಆ ಪಟ್ಟಿಯೂ ಬೇಲಿಯ ಹೊರಗೆ ಉಳಿದುಬಿಡುವುದುಂಟು. ಇವತ್ತಿನ ರನ್‌ವೇಗೆ ಈ ಎಲ್ಲ ನಿರ್ಬಂಧ ಹಾಕಿ, ಮುಂದೆ ಬರಲಿರುವ ರನ್‌ವೇಗೆ ಹಾಕದೆ ಬಿಟ್ಟರೆ ಇಪ್ಪತ್ತು ವರ್ಷದಲ್ಲಿ ಅದರ ತುದಿಗೆ ಬಡಾವಣೆ ಎದ್ದಿರುತ್ತದೆ. ಜಮೀನು ಕೈಯಲ್ಲಿದ್ದೂ ರನ್‌ವೇ ಇಲ್ಲ.

ಸ್ಟ್ಯಾಂಡ್‌ಗಳ ಲೆಕ್ಕಕ್ಕೆ ಬರೋಣ. ಗಂಟೆಗೆ 15 ವಿಮಾನ ಬಂದು, ಒಂದೊಂದೂ ನಡುವಿನ ಬಿಡುವು ಸೇರಿ ಒಂದು ಗಂಟೆ ನಿಂತರೆ 15 ಸ್ಟ್ಯಾಂಡ್ ಎಂದು ಕಾಗದ ಹೇಳುತ್ತದೆ. ವೇಳಾಪಟ್ಟಿಯಂತೆ ಎಲ್ಲವೂ ನಡೆಯುವುದಿಲ್ಲವಾದ್ದರಿಂದ ಬಳಕೆ ಶೇ 80 ಎಂದು ಹಿಡಿದು 19 ಇಡುತ್ತಾರೆ. ರೆಕ್ಕೆಯ ಅಗಲ 36 ಮೀಟರ್ ಒಳಗಿರುವ ವಿಮಾನಕ್ಕೆ 4.5 ಮೀಟರ್ ಬಿಡುವು ಸೇರಿ 40.5 ಮೀಟರ್ ಬೇಕು. ದೊಡ್ಡದಕ್ಕೆ 65 ಕೂಡಿಸು 7.5, ಅಂದರೆ 72.5. ಜಾಣರು 81 ಮೀಟರ್ ಬಿಟ್ಟು ನೆಲದಲ್ಲಿ ಎರಡು ಬಗೆಯ ಗೆರೆ ಹಾಕುತ್ತಾರೆ: ಬೆಳಗ್ಗೆ ಎರಡು ಚಿಕ್ಕದು, ರಾತ್ರಿ ಒಂದು ದೊಡ್ಡದು. ಒಂದೇ ವಿಮಾನದ ಮಾದರಿ ನೆಚ್ಚಿಕೊಂಡು ಕಟ್ಟುವುದು ಅಪಾಯ. 79.8 ಮೀಟರ್ ರೆಕ್ಕೆಯ, ಎರಡಂತಸ್ತಿನ ಏರ್‌ಬಸ್ ಎ380ಗಾಗಿ ಎಷ್ಟೋ ನಿಲ್ದಾಣಗಳು ಮೇಲಂತಸ್ತಿಗೆ ಹತ್ತಿಸುವ ಏರೋಬ್ರಿಡ್ಜ್ (ಟರ್ಮಿನಲ್‌ನಿಂದ ವಿಮಾನಕ್ಕೆ ಹೋಗುವ ಸೇತುವೆ) ಸಮೇತ ಸ್ಟ್ಯಾಂಡ್ ಕಟ್ಟಿದವು. 2021ರಲ್ಲಿ ಅದರ ತಯಾರಿಕೆಯೇ ನಿಂತಿತು. ಬೋಯಿಂಗ್ 777ಎಕ್ಸ್ ಮಾಡಿದ ಉಪಾಯ ನೋಡಿ: 71.8 ಮೀಟರ್ ರೆಕ್ಕೆಯ ತುದಿ ಮಡಚಿದರೆ 64.8, ಈಗಿರುವ ಸ್ಟ್ಯಾಂಡಿನಲ್ಲೇ ಕೂರುತ್ತದೆ.

ಟರ್ಮಿನಲ್ಲಿನ ಅಳತೆ ನಿರ್ಧಾರವಾಗುವುದು ದಟ್ಟಣೆಯ ಒಂದು ಗಂಟೆಯಿಂದ; ವರ್ಷದ ಮೊತ್ತವನ್ನು ದಿನಕ್ಕೆ ಭಾಗಿಸಿದರೆ ಏನೂ ತಿಳಿಯದು. ಅಮೆರಿಕದ ಹಳೆಯ ಸರಳ ಪಟ್ಟಿಯ ಪ್ರಕಾರ ವರ್ಷಕ್ಕೆ 10 ಲಕ್ಷದಿಂದ 1 ಕೋಟಿವರೆಗಿನ ಪ್ರಯಾಣಿಕರ ನಿಲ್ದಾಣದಲ್ಲಿ ಆ ಗಂಟೆಗೆ ವಾರ್ಷಿಕ ಸಂಖ್ಯೆಯ ಶೇ 0.05, 2ರಿಂದ 3 ಕೋಟಿಯದಕ್ಕೆ ಶೇ 0.04. ಹೀಗಾಗಿ 50 ಲಕ್ಷಕ್ಕೆ 2,500, 2 ಕೋಟಿಗೆ 8,000: ಜನ ನಾಲ್ಕು ಪಟ್ಟಾದರೂ ಆ ಗಂಟೆ ಮೂರು ಪಟ್ಟಿಗಿಂತ ತುಸು ಹೆಚ್ಚು ಮಾತ್ರ. ಆ 2,500ರಲ್ಲಿ ಹೊರಡುವವರು 1,500 ಎನ್ನಿ. ಒಂದು ಸೆಕ್ಯೂರಿಟಿ ಸಾಲು ಗಂಟೆಗೆ 150 ಜನರನ್ನು ಬಿಟ್ಟರೆ 10 ಸಾಲು, ಕೆಟ್ಟಾಗ ಇರಲೆಂದು ಒಂದು ಹೆಚ್ಚು. ಹೊಸ ಸಿ.ಟಿ. ಸ್ಕ್ಯಾನರ್‌ಗಳು ಹಳೆಯ ಎಕ್ಸ್-ರೇ ಯಂತ್ರಗಳಿಗಿಂತ ಭಾರ, ಉದ್ದವೂ ಹೆಚ್ಚು. ಮಹಡಿಯ ನೆಲ ಆ ಭಾರಕ್ಕೆ ಸಿದ್ಧವಿಲ್ಲದಿದ್ದರೆ ಕೆಳಗಿನ ಬ್ಯಾಗೇಜ್ ಹಾಲಿನಲ್ಲಿ ಹೊಸ ಕಂಬ ಎಬ್ಬಿಸಬೇಕು, ಅದೂ ನಿಲ್ದಾಣ ನಡೆಯುತ್ತಿರುವಾಗಲೇ.

ಮೊದಲ ಹಂತ ಕಟ್ಟುವಾಗಲೇ ಕಡಿಮೆ ಖರ್ಚಿನಲ್ಲಿ ಆಗುವ ಕೆಲಸಗಳಿವೆ. ಕಟ್ಟಡ ಯಾವ ಕಡೆ ಬೆಳೆಯಬೇಕೋ ಆ ತುದಿಯಲ್ಲಿ ಮೆಟ್ಟಿಲು, ಲಿಫ್ಟ್, ಶೌಚಾಲಯ, ಟ್ರಾನ್ಸ್‌ಫಾರ್ಮರ್ ಕೋಣೆ ಇಡಬಾರದು. ಬಿಚ್ಚಿ ತೆಗೆಯುವಂಥ ಗೋಡೆ ಸಾಕು. ಏಪ್ರನ್‌ಗೆ (ಸ್ಟ್ಯಾಂಡ್‌ಗಳಿರುವ ಅಂಗಳ) ಕಾಂಕ್ರೀಟ್ ಸುರಿಯುವ ಮುನ್ನ ಕೇಬಲ್ಲಿಗೆ ಖಾಲಿ ಪೈಪ್, ಇಂಧನ ಕೊಳವೆಗೆ ಮುಚ್ಚಿದ ಬಾಯಿ ಬಿಟ್ಟಿರಬೇಕು. ರೈಲು ಇವತ್ತು ಬರದಿದ್ದರೂ ಅದರ ದಾರಿಯ ಮೇಲೆ ಪಾರ್ಕಿಂಗ್ ಕಟ್ಟಡ ಎಬ್ಬಿಸಬಾರದು.

ನ್ಯಾಯದ ಪ್ರಶ್ನೆಯಲ್ಲಿ ನಾವು ನಿಮ್ಮ ಕಡೆ. ಮಿರಾಬೆಲ್‌ನಲ್ಲಿ ಕಿತ್ತುಕೊಂಡ ಜಮೀನಿನ ಬಹುಪಾಲನ್ನು ಕೊನೆಗೆ ವಾಪಸ್ ಮಾರಬೇಕಾಯಿತು. ಅಷ್ಟರಲ್ಲಿ ಒಕ್ಕಲೆದ್ದವರ ಬದುಕು ಎಲ್ಲೋ ಹೋಗಿತ್ತು. ಕಾಯ್ದಿರಿಸುವುದೆಂದರೆ ಎಲ್ಲವನ್ನೂ ಇವತ್ತೇ ಸ್ವಾಧೀನ ಮಾಡಿಕೊಳ್ಳುವುದೆಂದು ಅರ್ಥವಲ್ಲ. ಕೊನೆಯ ಹಂತದ ಜಮೀನಿನಲ್ಲಿ ಬೇಸಾಯ ಮುಂದುವರಿಯಲಿ, ಕಟ್ಟಡಕ್ಕೆ ಮಾತ್ರ ನಿರ್ಬಂಧವಿರಲಿ. ಆ ನಿರ್ಬಂಧಕ್ಕೆ ಪರಿಹಾರ ಸಿಗಬೇಕು, ಯಾವ ವರ್ಷ ಅದನ್ನು ಮರುಪರಿಶೀಲಿಸುತ್ತಾರೆಂಬುದು ಆದೇಶದಲ್ಲೇ ಇರಬೇಕು. ಅವಧಿಯೇ ಇಲ್ಲದ ನಿರ್ಬಂಧವನ್ನು ನಾವು ಒಪ್ಪುವುದಿಲ್ಲ.

ಕೊನೆಗೆ, ಸಾರ್ವಜನಿಕರು ಏನು ನೋಡಬೇಕು? ಬಣ್ಣದ ಟರ್ಮಿನಲ್ ಚಿತ್ರಗಳನ್ನು ಮಡಚಿಡಿ. ಅಂತಿಮ ಹಂತದ ನಕ್ಷೆ ಕೇಳಿ, ಮುಂದಿನ ರನ್‌ವೇಯ ಎರಡೂ ತುದಿಯ ಇಳಿಜಾರು ಅದರಲ್ಲಿ ಗುರುತಾಗಿದೆಯೇ ನೋಡಿ. ವಿಮಾನದ ಸದ್ದು ಎಲ್ಲಿಯವರೆಗೆ ಎಷ್ಟು ಎಂದು ನಕ್ಷೆಯಲ್ಲಿ ತೋರಿಸುವ ಶಬ್ದದ ರೇಖೆಗಳು ಇವತ್ತಿನ ಹಾರಾಟಕ್ಕೋ ಅಂತಿಮ ಹಂತದ್ದಕ್ಕೋ ಎಂದು ಕೇಳಿ. ಇವತ್ತಿನದನ್ನೇ ತೋರಿಸಿದ್ದರೆ ಸದ್ದು ತಟ್ಟುವ ಊರುಗಳ ಪಟ್ಟಿ ಪೂರ್ತಿಯಾಗಿಲ್ಲ ಎಂದೇ ಅರ್ಥ. ಅಂದಾಜು ಒಂದೇ ಗೆರೆಯಾಗಿದೆಯೋ, ಕಡಿಮೆ, ನಡು, ಹೆಚ್ಚು ಎಂದು ಮೂರಿವೆಯೋ? ಪ್ರತಿ ಹಂತದ ಎದುರು ಪ್ರಯಾಣಿಕರ ಸಂಖ್ಯೆ ಬರೆದಿದ್ದಾರೋ, ಬರೀ ಇಸವಿಯೋ? ಹಿಂದಿನ ಮಾಸ್ಟರ್ ಪ್ಲಾನ್ ಇದ್ದರೆ ಅದರ ಅಂದಾಜನ್ನೂ ನಿಜವಾಗಿ ಬಂದವರ ಸಂಖ್ಯೆಯನ್ನೂ ಅಕ್ಕಪಕ್ಕ ಕೊಡಿ ಎನ್ನಿ. ಕೊಡಲು ಹಿಂಜರಿದರೆ ಆಕ್ಷೇಪಣೆಯನ್ನು ಲಿಖಿತವಾಗಿಯೇ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದ್ದು ನಡಾವಳಿಗೆ ಸೇರುತ್ತದೆಂದು ನೆಚ್ಚಿಕೊಳ್ಳಬೇಡಿ.

— ಸಂ.