ಸಾಲ್ಮನ್ ಮೊಟ್ಟೆಯ ಟ್ರೇಗೆ 8 ಡಿಗ್ರಿ ನೀರು ಒಳ್ಳೆಯದೋ 10 ಡಿಗ್ರಿಯೋ? ಬೇಗ ಮರಿಯಾದರೆ ಮೀನು ಹೆಚ್ಚು ತೂಗುತ್ತದೆಯೇ? ನಿಮ್ಮ ಪತ್ರದಲ್ಲಿ ಈ ಎರಡು ಪ್ರಶ್ನೆಗಳಿವೆ.

ಹನ್ನೊಂದು ವರ್ಷಗಳ ಹಿಂದೆ ನಾರ್ವೆಯ ಪಶ್ಚಿಮ ಕರಾವಳಿಯ ಒಂದು ಹ್ಯಾಚರಿಯಲ್ಲಿ, ಅಂದರೆ ಮೀನಿನ ಮೊಟ್ಟೆಯಿಂದ ಮರಿ ಮಾಡಿಸುವ ಕೇಂದ್ರದಲ್ಲಿ, ನಾನೂ ಇದೇ ಲೆಕ್ಕ ಹಾಕುತ್ತಾ ನಿಂತಿದ್ದೆ.

ನಾನು ಮಂಗಳೂರಿನಲ್ಲಿ ಮೀನುಗಾರಿಕೆ ಓದಿದವನು. ಕೈ ಪಳಗಿದ್ದು ನಮ್ಮ ಕೆರೆಮೀನುಗಳಾದ ಕಾಟ್ಲಾ, ರೋಹುಗಳಲ್ಲಿ. ಅಲ್ಲಿ ನೀರು 28 ಡಿಗ್ರಿ ಇದ್ದರೆ ಒಂದು ದಿನ ತುಂಬುವುದರೊಳಗೆ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ನೀರು ತಣ್ಣಗಾದರೆ ನಮಗೆ ಭಯ. ಬೆಚ್ಚಗಿದ್ದಷ್ಟೂ ಒಳ್ಳೆಯದು ಎಂಬ ಆ ನಂಬಿಕೆಯನ್ನು ಗಂಟು ಕಟ್ಟಿಕೊಂಡೇ ಸಾಲ್ಮನ್ ಸಾಕಲು ಹೋದೆ.

ಆ ವರ್ಷ ತಾಯಿಮೀನುಗಳು ತಡವಾಗಿ ಮೊಟ್ಟೆ ಕೊಟ್ಟವು. ಮರಿಗಳನ್ನು ಸಮುದ್ರದ ಪಂಜರಕ್ಕೆ ಬಿಡುವ ದಿನಾಂಕ ಮಾತ್ರ ಬದಲಾಗಲಿಲ್ಲ. ಮೂರು ವಾರ ಎಲ್ಲಿಂದಲಾದರೂ ತರಬೇಕಿತ್ತು. ಬಿಸಿನೀರು ಸಾಲುವಷ್ಟು, ಅಂದರೆ ಅರ್ಧದಷ್ಟು ಟ್ರೇಗಳಿಗೆ, 10 ಡಿಗ್ರಿ ನೀರು ಹರಿಸಿದೆ. ಉಳಿದವು 5 ಡಿಗ್ರಿಯಲ್ಲೇ ಇದ್ದವು.

ತಪ್ಪಿದ್ದು ಇಲ್ಲೇ, ಇದನ್ನು ಬಿಡಿಸಿ ಹೇಳಲೇಬೇಕು. ಸಾಲ್ಮನ್ ಮೊಟ್ಟೆಯಲ್ಲಿ ಕಣ್ಣು ಮೂಡಲು, ಅಂದರೆ ಒಳಗಿನ ಭ್ರೂಣದ ಕಣ್ಣು ಕಪ್ಪು ಚುಕ್ಕೆಯಾಗಿ ಹೊರಗೆ ಕಾಣಲು, ಸುಮಾರು 250 ದಿನ-ಡಿಗ್ರಿ ಬೇಕು. ದಿನಗಳನ್ನು ಉಷ್ಣತೆಯಿಂದ ಗುಣಿಸಿದರೆ ಬರುವ ಮೊತ್ತ ಅದು. 5 ಡಿಗ್ರಿಯಲ್ಲಿ 50 ದಿನ, 10 ಡಿಗ್ರಿಯಲ್ಲಿ 25 ದಿನ. ಎರಡರ ಗುಣಲಬ್ಧ ಒಂದೇ ಆದ್ದರಿಂದ ಎರಡೂ ಮೊಟ್ಟೆಗಳು ಒಂದೇ ಎಂದುಕೊಂಡೆ. ದಿನ-ಡಿಗ್ರಿ ಹೇಳುವುದು ಕಣ್ಣು ಯಾವಾಗ ಮೂಡುತ್ತದೆ ಎಂಬುದನ್ನು ಮಾತ್ರ. ಅಷ್ಟರಲ್ಲಿ ಒಳಗೆ ಏನೆಲ್ಲ ಸಿದ್ಧವಾಗಿದೆ ಎಂಬುದನ್ನು ಅದು ಹೇಳುವುದಿಲ್ಲ. ಮೀನಿನ ಸ್ನಾಯು ಎರಡು ಬಗೆಯಲ್ಲಿ ಬೆಳೆಯುತ್ತದೆ: ಹೊಸ ನಾರುಗಳು ಹುಟ್ಟುತ್ತವೆ, ಇರುವ ನಾರುಗಳು ದಪ್ಪವಾಗುತ್ತವೆ. ಒಂದು ಗಾತ್ರ ದಾಟಿದ ಮೇಲೆ ಹೊಸ ನಾರು ಹುಟ್ಟುವುದು ನಿಂತುಹೋಗುತ್ತದೆ, ಇರುವವು ದಪ್ಪವಾಗುವುದಷ್ಟೇ ಉಳಿಯುತ್ತದೆ. ಒಟ್ಟು ಎಷ್ಟು ನಾರು ಹುಟ್ಟಬಹುದು ಎಂಬುದರ ಮೇಲೆ ಕಣ್ಣು ಮೂಡುವುದಕ್ಕೂ ಮೊದಲಿನ ನೀರಿನ ಗುರುತು ಉಳಿದುಬಿಡುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು 2008ರಲ್ಲೇ ಇದನ್ನು ಪ್ರಕಟಿಸಿದ್ದರು. ಕಣ್ಣು ಮೂಡುವವರೆಗೆ ಮಾತ್ರ ಮೊಟ್ಟೆಗಳನ್ನು 2, 5, 8, 10 ಡಿಗ್ರಿಯಲ್ಲಿಟ್ಟು, ಆಮೇಲೆ ಎಲ್ಲವನ್ನೂ ಒಂದೇ ರೀತಿ ಸಾಕಿದರು. ದೊಡ್ಡವಾದ ಮೇಲೆ ಎಣಿಸಿದಾಗ ಅತಿ ಹೆಚ್ಚು ನಾರುಗಳಿದ್ದುದು 5 ಡಿಗ್ರಿಯ ಮೀನಿನಲ್ಲಿ, ಅತಿ ಕಡಿಮೆ 10 ಡಿಗ್ರಿಯದರಲ್ಲಿ. ನಾನು ಅದನ್ನು ಓದಿರಲಿಲ್ಲ.

ಮೊದಮೊದಲು ನನ್ನ ಬಿಸಿನೀರಿನ ಮರಿಗಳೇ ಮುಂದಿದ್ದವು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಮನೆಗೆ ಫೋನ್ ಮಾಡಿ ಹಿಗ್ಗಿದ್ದೂ ಉಂಟು. ಸಮುದ್ರಕ್ಕಿಳಿದ ಮೇಲೆ ಪಕ್ಕದ ಪಂಜರದ ತಣ್ಣೀರಿನ ಮೀನುಗಳು ಮೆಲ್ಲಗೆ ಸಮಕ್ಕೆ ಬಂದು, ಕೊಯ್ಲಿನ ಹೊತ್ತಿಗೆ ದಾಟಿಯೇ ಹೋದವು. ಆಹಾರ ಒಂದೇ, ನೀರು ಒಂದೇ. ನನ್ನ ಪಂಜರದಲ್ಲಿ ಬೆನ್ನುಮೂಳೆ ಗಿಡ್ಡವಾದ ಮೀನುಗಳೂ ಹೆಚ್ಚು ಸಿಕ್ಕವು; 8 ಡಿಗ್ರಿ ಮೀರಿದ ನೀರಿನಲ್ಲಿಟ್ಟ ಮೊಟ್ಟೆಗಳಲ್ಲಿ ಈ ಊನ ಹೆಚ್ಚುವುದು ಗೊತ್ತಿರುವ ವಿಷಯ. ಎರಡೂ ಪಂಜರದ ಮಾಂಸವನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ತಣ್ಣೀರಿನ ಮೀನಿನದು ರಾಗಿ ಹರಡಿದಂತೆ ಒತ್ತೊತ್ತಾಗಿತ್ತು. ನನ್ನದರಲ್ಲಿ ಕಡಲೆ ಕಾಳಿನಂಥ ದಪ್ಪ ನಾರುಗಳು, ಎಣಿಕೆಗೆ ಕಡಿಮೆ. ಕತ್ತರಿಸುವ ಮೇಜಿನ ಮೇಲೆ ನನ್ನ ಮೀನಿನ ಹೋಳೊಂದನ್ನು ಬಾಲದ ಕಡೆಯಿಂದ ಎತ್ತಿದಾಗ ಮಾಂಸದ ಪದರಗಳು ಬಾಯಿ ಬಿಟ್ಟವು. ಆ ಹೋಳು ಎರಡನೆಯ ದರ್ಜೆಯ ಪೆಟ್ಟಿಗೆಗೆ ಹೋಯಿತು. ಅದರ ಹಿಂದೆಯೇ ಇನ್ನೂ ಎಷ್ಟೋ ಹೋದವು.

ಆದ್ದರಿಂದ ಎಂಟೋ ಹತ್ತೋ ಎಂದು ಕೇಳಬೇಡಿ. ಬಿಸಿ ಯಾವಾಗ ಕೊಡಬೇಕು ಎಂದು ಕೇಳಿ. ಕಣ್ಣು ಮೂಡುವವರೆಗೆ 5ರ ಆಸುಪಾಸಿನಲ್ಲಿಡಿ, ಎಷ್ಟೇ ಅವಸರವಿದ್ದರೂ. ಮರಿ ಬಾಯಿಂದ ಆಹಾರ ತಿನ್ನಲು ಶುರುಮಾಡಿದ ಮೇಲೆ ನೀರನ್ನು 12 ಡಿಗ್ರಿಗೆ ಏರಿಸಿ ಬೆಳೆಸಿ. ಕಳೆದ ದಿನಗಳನ್ನು ಅಲ್ಲಿ ಗಳಿಸಿಕೊಳ್ಳಬಹುದು. ಅಷ್ಟರಿಂದಲೂ ದಿನ ಹೊಂದದಿದ್ದರೆ ಪಂಜರದವರ ಬಳಿ ಹೋಗಿ ದಿನಾಂಕ ಮುಂದೂಡಿ ಎಂದು ಕೇಳಿ. ನಾನು ಆ ಒಂದು ಮಾತು ಕೇಳಲು ಹಿಂಜರಿದೆ.

ಕಣ್ಣು ಮೂಡಿದ ಮೊಟ್ಟೆಗಳನ್ನೇ ಕೊಳ್ಳುವುದಾಗಿ ಬರೆದಿದ್ದೀರಿ. ಹಾಗಿದ್ದರೆ ನಿರ್ಧಾರ ಆಗಲೇ ಬೇರೆಯವರ ಟ್ರೇಯಲ್ಲಿ ಆಗಿಹೋಗಿರುತ್ತದೆ. ದರ ಮಾತಾಡುವ ಮೊದಲು ಮೊಟ್ಟೆ ಫಲಿತಗೊಂಡ ದಿನದಿಂದ ಕಣ್ಣು ಮೂಡುವವರೆಗಿನ ದಿನದಿನದ ಉಷ್ಣತೆಯ ಪಟ್ಟಿ ಕೇಳಿ. ಅದನ್ನು ಕೊಡಲು ಹಿಂದೆಮುಂದೆ ನೋಡುವವರಿಂದ ಒಂದು ಲೀಟರ್ ಮೊಟ್ಟೆಯನ್ನೂ ಕೊಳ್ಳಬೇಡಿ.